ಒಂಟಿ ಬಡ್ಜಿಗೆ ಜೊತೆ ತರುವ ಮುಂಚೆ

ಹಕ್ಕಿ ಸಾಕುವವರ ಪತ್ರಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ 3 ವರ್ಷದಿಂದ ಒಂದು ಜೋಡಿ ಲವ್ ಬರ್ಡ್ಸ್ ಇತ್ತು. ಆಸ್ಟ್ರೇಲಿಯಾದ ಸಣ್ಣ ಗಿಳಿ ಅಂತಾರಲ್ಲ, ಅದು. ಹೋದ ತಿಂಗಳು ಹೆಣ್ಣು ಸತ್ತುಹೋಯಿತು. ಎರಡು ದಿನ ಗರಿ ಉಬ್ಬಿಸಿಕೊಂಡು ಕೂತಿತ್ತು, ಮೂರನೇ ದಿನ ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ಈಗ ಗಂಡು ಒಂದೇ. ಮೊದಲಿನಂತೆ ಕೂಗುವುದಿಲ್ಲ, ಇಡೀ ದಿನ ಕನ್ನಡಿ ಎದುರು ಕೂತಿರುತ್ತದೆ. ಮಕ್ಕಳು ಇನ್ನೊಂದು ತರಲೇಬೇಕು ಅಂತ ಹಟ ಹಿಡಿದಿದ್ದಾರೆ. ಮುಂದಿನ ವಾರ ಹುಬ್ಬಳ್ಳಿಗೆ ಹೋಗುವುದಿದೆ. ಅಲ್ಲಿಂದ ಒಂದು ಹೆಣ್ಣು ತಂದು ಅದೇ ಪಂಜರಕ್ಕೆ ಬಿಡಬಹುದಾ? ಜಗಳ ಆಗುತ್ತದಾ?
— ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಅಕ್ಕಾ, ಜೊತೆ ತರುವ ಯೋಚನೆ ಸರಿಯಾಗಿದೆ. ಆದರೆ ಮುಂದಿನ ವಾರ ಬೇಡ, ಮತ್ತು ಯಾವಾಗ ತಂದರೂ ಅದೇ ದಿನ ಅದೇ ಪಂಜರಕ್ಕೆ ಬಿಡುವುದಂತೂ ಖಂಡಿತ ಬೇಡ.

ನೀವು ಜಗಳದ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಭಯ ಇರುವುದು ಕಾಯಿಲೆಯದ್ದು. ಇದು ನನ್ನ ಮನೆಯಲ್ಲೇ ಆದದ್ದು. ಕುಮಟೆಯಲ್ಲಿದ್ದಾಗ ನನ್ನ ಹತ್ತಿರ ಒಂದು ನೀಲಿ ಗಂಡು ಬಡ್ಜಿ (ನೀವು ಲವ್ ಬರ್ಡ್ಸ್ ಅನ್ನುವ ಅದೇ ಹಕ್ಕಿ) ಇತ್ತು, ಗುಂಡ ಅಂತ ಕರೆಯುತ್ತಿದ್ದೆವು. 6 ವರ್ಷದ ಹಕ್ಕಿ. ಬೆಳಿಗ್ಗೆ ನಾನು ಚಹಾ ಕುಡಿಯುತ್ತಾ ಪೇಪರ್ ಓದುವಾಗ ಹೆಗಲ ಮೇಲೆ ಕೂತು ಪೇಪರಿನ ಅಂಚನ್ನು ಸಣ್ಣಗೆ ಹರಿಯುತ್ತಾ ಇರುತ್ತಿತ್ತು. ಅದಕ್ಕೆ ಜೊತೆ ಬೇಕು ಅಂತ ಒಂದು ಅಂಗಡಿಯಿಂದ ಹಸಿರು ಹೆಣ್ಣು ತಂದೆ. ನೋಡಲಿಕ್ಕೆ ಚೆನ್ನಾಗಿಯೇ ಇತ್ತು, ಕಾಳು ತಿನ್ನುತ್ತಿತ್ತು, ಸಂಜೆ ನೇರ ಗುಂಡನ ಪಂಜರಕ್ಕೆ ಬಿಟ್ಟೆ. ಇಬ್ಬರೂ ಒಂದೇ ಕೊಂಬೆಯ ಮೇಲೆ ಕೂತರು, ಮನೆಯವರೆಲ್ಲ ಖುಷಿಪಟ್ಟೆವು. ಎಂಟನೇ ದಿನಕ್ಕೆ ಹಸಿರು ಹಕ್ಕಿ ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಲು ಶುರುವಾಯಿತು. ಮಾರನೇ ದಿನ ಸತ್ತಿತು. ಅದಾಗಿ ಎರಡು ವಾರದೊಳಗೆ ಗುಂಡನೂ ಹೋದ. ಒಂದು ತಿಂಗಳು ಬೇರೆ ಕೋಣೆಯಲ್ಲಿ ಇಟ್ಟಿದ್ದರೆ ಗುಂಡ ಉಳಿಯುತ್ತಿದ್ದ ಅಂತ ಇವತ್ತಿಗೂ ಅನಿಸುತ್ತದೆ. ಅದಕ್ಕೇ ಈ ವಿಷಯ ಬಂದಾಗ ನಾನು ಇಷ್ಟು ಒತ್ತಿ ಹೇಳುವುದು.

ಬಡ್ಜಿ ಗುಂಪಿನ ಹಕ್ಕಿ. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನಲ್ಲಿ ಮಳೆ ಬಿದ್ದ ಕಡೆ, ಹುಲ್ಲು ಕಾಳು ಬಿಟ್ಟ ಕಡೆ ಹುಡುಕಿಕೊಂಡು ಹಿಂಡು ಹಿಂಡಾಗಿ ತಿರುಗುತ್ತವೆ. 1840ರಲ್ಲಿ ಜಾನ್ ಗೌಲ್ಡ್ ಅನ್ನುವ ಪಕ್ಷಿತಜ್ಞ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ, ಅಲ್ಲಿಂದ ಲೋಕದ ಮನೆಮನೆಗೆ ಹರಡಿದವು. ಪಂಜರದಲ್ಲೇ ಎಷ್ಟೋ ತಲೆಮಾರು ಕಳೆದರೂ ಹಿಂಡಿನ ಸ್ವಭಾವ ಹೋಗಿಲ್ಲ. ಒಂಟಿಯಾದರೆ ಮಂಕಾಗುವುದು ಅದಕ್ಕೇ. ಹಿಂಡಿನಲ್ಲಿ ಸೋತಂತೆ ಕಂಡ ಹಕ್ಕಿಯ ಮೇಲೆ ಗಿಡುಗ ಮೊದಲು ಎರಗುತ್ತದೆ. ಹಾಗಾಗಿ ಇವು ಮೈ ಸರಿಯಿಲ್ಲದಿದ್ದರೂ ಆದಷ್ಟು ದಿನ ತೋರಿಸಿಕೊಳ್ಳುವುದಿಲ್ಲ. ನಮ್ಮ ಕಣ್ಣಿಗೆ ಬೀಳುವಾಗ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ನಿಮ್ಮ ಹೆಣ್ಣು ಹಕ್ಕಿ ಎರಡೇ ದಿನದಲ್ಲಿ ಹೋದದ್ದಲ್ಲ ಅಕ್ಕಾ, ಅದಕ್ಕೂ ಮುಂಚೆಯೇ ಏನೋ ಶುರುವಾಗಿರಬೇಕು.

ಇದರಿಂದ ನಿಮಗೆ ಇನ್ನೊಂದು ಕೆಲಸ ಇದೆ. ಸತ್ತ ಹಕ್ಕಿಗೆ ಏನಾಗಿತ್ತು ಗೊತ್ತಿಲ್ಲ, ಅದೇ ಈ ಗಂಡಿಗೂ ತಗುಲಿರಬಹುದು. ಮೊದಲು ಇದನ್ನು ಪಶುವೈದ್ಯರಿಗೆ ತೋರಿಸಿ. ಹೋಗುವಾಗ ಆ ದಿನದ ಹಿಕ್ಕೆಯನ್ನು ಒಂದು ಸ್ವಚ್ಛ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಪರೀಕ್ಷೆ ಮಾಡಿಸಬಹುದು. ಪಂಜರವನ್ನು ಸೋಪು ನೀರಿನಲ್ಲಿ ತಿಕ್ಕಿ, ಬಿಸಿ ನೀರಿನಲ್ಲಿ ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಹಳೇ ಮರದ ಕೊಂಬೆ, ಗೂಡಿಗೆ ಕಟ್ಟಿದ ಮಡಕೆ ಬಿಸಾಡಿ. ಗಂಡು 2–3 ವಾರ ಚೆನ್ನಾಗಿ ತಿಂದು ಚುರುಕಾಗಿದ್ದರೆ ಆಮೇಲೆ ಹೊಸದರ ಮಾತು. ಅಲ್ಲಿಯವರೆಗೆ ಮಕ್ಕಳೇ ಅದರ ಹಿಂಡು. ಪಂಜರದ ಹತ್ತಿರ ಕೂತು ಓದಲಿ, ಮಾತಾಡಲಿ, ನವಣೆ ತೆನೆ ಕೈಯಲ್ಲಿ ಹಿಡಿದು ತಿನ್ನಿಸಲಿ. ಕನ್ನಡಿ ತೆಗೆದುಬಿಡಿ. ಅದು ಕನ್ನಡಿಯೊಳಗಿನ ಹಕ್ಕಿಗೆ ತುತ್ತು ಕೊಡಲಿಕ್ಕೆ ನೋಡುತ್ತದೆ, ಅದು ತೆಗೆದುಕೊಳ್ಳುವುದಿಲ್ಲ, ಮತ್ತೆ ಮತ್ತೆ ಕಕ್ಕಿ ಕೊಡುತ್ತದೆ. ನೋಡಲಿಕ್ಕೇ ಸಂಕಟ.

ಹೆಣ್ಣೇ ಬೇಕಾ ಅನ್ನುವುದನ್ನೂ ಯೋಚಿಸಿ. ಮರಿ ಬೇಡ, ಜೊತೆ ಸಾಕು ಅಂದರೆ ಇನ್ನೊಂದು ಗಂಡೇ ಒಳ್ಳೆಯದು. ಎರಡು ಗಂಡುಗಳು ಸಾಮಾನ್ಯವಾಗಿ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಒಂದಕ್ಕೊಂದು ಹಾಡುತ್ತವೆ, ತುತ್ತು ಕೊಡುತ್ತವೆ. ಬಡ್ಜಿಗಳಲ್ಲಿ ಜೋರು ಹೆಣ್ಣಿನದ್ದೇ. ಗಂಡು ಹೆಣ್ಣು ಗುರುತಿಸುವುದು ಕೊಕ್ಕಿನ ಮೇಲೆ ಮೂಗಿನ ತೂತು ಇರುವ ಮೆತ್ತನೆ ಭಾಗದ ಬಣ್ಣದಿಂದ. ಬೆಳೆದ ಗಂಡಿಗೆ ಅದು ಕಡು ನೀಲಿ. ಹೆಣ್ಣಿಗೆ ಕಂದು, ಇಲ್ಲವೇ ಮಾಸಲು ಬಿಳಿ. ಕೆಲವು ಹೆಣ್ಣುಗಳಿಗೆ ತಿಳಿ ನೀಲಿ ಇರುತ್ತದೆ, ಅಂಗಡಿಯವರು ಗಂಡು ಅಂತ ಕೊಟ್ಟುಬಿಡುತ್ತಾರೆ. ಮೂಗಿನ ತೂತಿನ ಸುತ್ತ ಬಿಳಿ ಉಂಗುರ ಇದ್ದರೆ ಹೆಣ್ಣು. ಎಳೆಯ ಗಂಡಿಗೆ ಪೂರ್ತಿ ಗುಲಾಬಿ-ನೇರಳೆ ಬಣ್ಣ. ಪೂರ್ತಿ ಬಿಳಿ, ಪೂರ್ತಿ ಹಳದಿ ಹಕ್ಕಿಗಳಲ್ಲಿ ಗಂಡಿಗೆ ದೊಡ್ಡದಾದ ಮೇಲೂ ಗುಲಾಬಿಯೇ ಉಳಿಯುತ್ತದೆ, ಅಲ್ಲಿ ಮೋಸ ಹೋಗಬೇಡಿ.

ವಯಸ್ಸು ನೋಡುವುದು ಹಣೆಯಿಂದ. ಮರಿಗಳ ಹಣೆಯ ಮೇಲಿನ ಕಪ್ಪು ಗೆರೆಗಳು ಕೊಕ್ಕಿನ ಬುಡದವರೆಗೂ ಇರುತ್ತವೆ. 3–4 ತಿಂಗಳಿಗೆ ಮೊದಲ ಸಲ ಗರಿ ಉದುರಿಸಿದಾಗ ಹಣೆ ಬೋಳಾದಂತೆ ಸ್ವಚ್ಛ ಆಗುತ್ತದೆ. ಗೆರೆ ಇರುವಾಗಲೇ ತಂದರೆ ಕೈಗೆ ಬೇಗ ಪಳಗುತ್ತದೆ, ನಿಮ್ಮ ದೊಡ್ಡ ಹಕ್ಕಿಯ ಜೊತೆಗೂ ಹೊಂದುತ್ತದೆ. ಅಂಗಡಿಯಲ್ಲಿ ಸುಮ್ನೆ ಐದು ನಿಮಿಷ ದೂರ ನಿಂತು ನೋಡಿ. ಕಣ್ಣು ಹೊಳೆಯಬೇಕು, ಬಾಲದ ಬುಡ ಒಣಗಿರಬೇಕು, ಮೂಗು ಒದ್ದೆ ಇರಬಾರದು. ಕೊಕ್ಕಿನ ಸುತ್ತ, ಕಾಲಿನ ಮೇಲೆ ಜೇನುಗೂಡಿನಂತೆ ಬಿಳಿ ಹೊಪ್ಪಳಿಕೆ ಇದ್ದರೆ ಅದು ನುಸಿ. ವೈದ್ಯರ ಔಷಧಿಗೆ ವಾಸಿಯಾಗುತ್ತದೆ, ಆದರೆ ಬೇರೆ ಹಕ್ಕಿಗೂ ಹಬ್ಬುತ್ತದೆ. ಅದೇ ಪಂಜರದಲ್ಲಿ ಒಂದು ಹಕ್ಕಿ ಸೊರಗಿ ಕೂತಿದ್ದರೂ ಅಲ್ಲಿಂದ ಯಾವುದನ್ನೂ ತರಬೇಡಿ.

ಹುಬ್ಬಳ್ಳಿಯಿಂದ ಕಾರವಾರ ಅಂದರೆ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬರಲಿಕ್ಕೆ ನಾಲ್ಕು ತಾಸು ಬೇಕೇ ಬೇಕು. ಸಣ್ಣ ಪಂಜರ ಇಲ್ಲವೇ ಗಾಳಿ ಆಡುವ ಪೆಟ್ಟಿಗೆಯಲ್ಲಿ ತನ್ನಿ, ಮೂರು ಕಡೆ ಬಟ್ಟೆ ಮುಚ್ಚಿ. ನೀರಿನ ಬಟ್ಟಲು ಇಟ್ಟರೆ ತಿರುವಿನಲ್ಲಿ ಚೆಲ್ಲಿ ಹಕ್ಕಿ ಒದ್ದೆಯಾಗುತ್ತದೆ, ಅದರ ಬದಲು ಒಂದು ತುಂಡು ಸೌತೆಕಾಯಿ ಹಾಕಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಡಬೇಡಿ.

ಮನೆಗೆ ಬಂದ ಮೇಲೆ ಬೇರೆ ಕೋಣೆ. ಬೇರೆ ಪಂಜರ, ಬೇರೆ ಬಟ್ಟಲು, ಬೇರೆ ಪೊರಕೆ. ಕಡಿಮೆ ಅಂದರೆ 30 ದಿನ, ನಾನು 40 ದಿನ ಇಡುತ್ತೇನೆ. ಮೊದಲು ಹಳೇ ಹಕ್ಕಿಗೆ ಕಾಳು ನೀರು ಕೊಟ್ಟು, ಆಮೇಲೆ ಹೊಸದರ ಕೋಣೆಗೆ ಹೋಗಿ, ಬಂದು ಕೈ ಸೋಪಿನಲ್ಲಿ ತೊಳೆಯಿರಿ. ಹಿಕ್ಕೆ ಒಣಗಿ ಪುಡಿಯಾಗುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಬರುವ ಸಿಟಾಕೋಸಿಸ್ ಅನ್ನುವ ಒಂದು ಕಾಯಿಲೆ ಇದೆ, ಒಣ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಹತ್ತುತ್ತದೆ. ಹೆದರಬೇಕಾಗಿಲ್ಲ, ಔಷಧಿ ಇದೆ. ಆದರೆ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣ ಕೆಮ್ಮು ಬಂದರೆ ಡಾಕ್ಟರಿಗೆ ಮನೆಯಲ್ಲಿ ಹಕ್ಕಿ ಇದೆ ಅಂತ ತಪ್ಪದೆ ಹೇಳಿ.

ಈ ದಿನಗಳಲ್ಲಿ ಎರಡೂ ಗೋಡೆ ಆಚೆ ಈಚೆಯಿಂದ ಒಂದಕ್ಕೊಂದು ಕೂಗುತ್ತವೆ. ಅರ್ಧ ಪರಿಚಯ ಅಲ್ಲೇ ಆಗುತ್ತದೆ. ನಿಮ್ಮ ಗಂಡು ಮತ್ತೆ ಹಾಡಲಿಕ್ಕೆ ಶುರುಮಾಡುವುದನ್ನು ನೀವೇ ಕೇಳುತ್ತೀರಿ.

40 ದಿನ ಕಳೆದು ಹೊಸ ಹಕ್ಕಿ ಆರೋಗ್ಯವಾಗಿದ್ದರೆ ಎರಡೂ ಪಂಜರ ಒಂದೇ ಕೋಣೆಗೆ ತನ್ನಿ. ಮೊದಲ ದಿನ ನಾಲ್ಕೈದು ಅಡಿ ದೂರ. ದಿನ ದಿನ ಸ್ವಲ್ಪ ಹತ್ತಿರ. ಪಂಜರಗಳು ಪಕ್ಕಪಕ್ಕ ಬಂದಾಗ ಎರಡೂ ಅತ್ತಿತ್ತ ಕಡೆಯಿಂದ ಹತ್ತಿರವೇ ಕೂತು ನಿದ್ದೆ ಮಾಡಿದರೆ ಕೆಲಸ ಮುಕ್ಕಾಲು ಆಯಿತು. ಆಮೇಲೆ ಕಿಟಕಿ ಬಾಗಿಲು ಹಾಕಿ, ಫ್ಯಾನ್ ಬಂದ್ ಮಾಡಿ, ಕನ್ನಡಿಗೆ ಬಟ್ಟೆ ಮುಚ್ಚಿ, ಎರಡನ್ನೂ ಕೋಣೆಯಲ್ಲಿ ಹೊರಗೆ ಬಿಡಿ. ಅದು ಯಾರದ್ದೂ ಅಲ್ಲದ ಜಾಗ, ಅಲ್ಲಿ ಜಗಳ ಕಡಿಮೆ. ನವಣೆ ತೆನೆ ಒಂದನ್ನು ಮಧ್ಯದಲ್ಲಿಡಿ. ಒಂದು ಮಾತು: ಎಷ್ಟೋ ಅಂಗಡಿಗಳಲ್ಲಿ ರೆಕ್ಕೆಯ ಗರಿ ಕತ್ತರಿಸಿ ಕೊಡುತ್ತಾರೆ. ಹಾಗೆ ಆಗಿದ್ದರೆ ಹೊಸ ಹಕ್ಕಿಗೆ ಹಾರಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಗರಿ ಮತ್ತೆ ಬರುವವರೆಗೆ ನೀವು ಕಣ್ಣಿಟ್ಟೇ ಇರಬೇಕು.

ಹೊರಗೆ ನಾಲ್ಕೈದು ಸಲ ಶಾಂತವಾಗಿ ಕಳೆದರೆ ಆಗ ಒಂದೇ ಪಂಜರ. ಹಳೇ ಪಂಜರವೇ ಆದರೆ ಒಳಗಿನ ಕೊಂಬೆ, ಬಟ್ಟಲು, ಉಯ್ಯಾಲೆ ಎಲ್ಲದರ ಜಾಗ ಬದಲಿಸಿ, ಆಗ ಹಳೇ ಹಕ್ಕಿಗೂ ಅದು ಹೊಸ ಮನೆಯೇ. ಕಾಳಿನ ಬಟ್ಟಲು ಎರಡು, ನೀರಿನದ್ದು ಎರಡು, ದೂರ ದೂರ. ರಜಾ ದಿನ ಬೆಳಿಗ್ಗೆ ಬಿಡಿ, ಸಂಜೆ ಬಿಡಬೇಡಿ. ಇಡೀ ದಿನ ನೋಡಲಿಕ್ಕೆ ಸಿಗುತ್ತದೆ ಅಲ್ವಾ. ಕೊಕ್ಕಿಗೆ ಕೊಕ್ಕು ತಟ್ಟುವುದು, ಬಾಯಿ ತೆರೆದು ಬೈದಂತೆ ಮಾಡುವುದು, ಒಂದು ಕೂತ ಜಾಗದಿಂದ ಇನ್ನೊಂದನ್ನು ಎಬ್ಬಿಸುವುದು, ಇದೆಲ್ಲ ಸಹಜ, ನೀವು ನಡುವೆ ಹೋಗಬೇಡಿ. ಕಾಲು ಹಿಡಿದು ಎಳೆಯುವುದು, ಮೂಗಿನ ಭಾಗ ಕಚ್ಚುವುದು, ಬಟ್ಟಲಿಗೆ ಬರಲು ಬಿಡದೆ ಅಟ್ಟಿಸಿಕೊಂಡೇ ಹೋಗುವುದು, ರಕ್ತ ಕಾಣುವುದು — ಕೂಡಲೇ ಬೇರೆ ಮಾಡಿ. ಮತ್ತೆ ಪಕ್ಕಪಕ್ಕದ ಪಂಜರದಿಂದ ಶುರು. ಕೆಲವು ಜೋಡಿಗೆ ಎರಡು ದಿನ ಸಾಕು, ಕೆಲವಕ್ಕೆ ಎರಡು ತಿಂಗಳು ಬೇಕು.

ಪಂಜರ ಎಷ್ಟು ದೊಡ್ಡದು ಅಂತ ನೀವು ಬರೆದಿಲ್ಲ. ಎರಡು ಬಡ್ಜಿಗೆ ಉದ್ದ ಎರಡೂವರೆ ಅಡಿಯಾದರೂ ಬೇಕು. ಇವು ಅಡ್ಡಡ್ಡ ಹಾರುವ ಹಕ್ಕಿಗಳು, ಎತ್ತರಕ್ಕಿಂತ ಉದ್ದ ಮುಖ್ಯ. ಗುಂಡನೆಯ ಪಂಜರ ಬೇಡ. ಸರಳುಗಳ ನಡುವೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಇದ್ದರೆ ಸಾಕು, ಅದಕ್ಕಿಂತ ಅಗಲವಾದರೆ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಕೂರಲಿಕ್ಕೆ ಪ್ಲಾಸ್ಟಿಕ್ ಕೋಲಿನ ಬದಲು ಪೇರಲ ಕೊಂಬೆ ಕಡಿದು ಹಾಕಿ. ದಪ್ಪ ಸಣ್ಣ ಇರುವುದರಿಂದ ಕಾಲಿಗೆ ಒಳ್ಳೆಯದು, ತೊಗಟೆ ಸುಲಿಯುತ್ತಾ ಹೊತ್ತೂ ಹೋಗುತ್ತದೆ. ಕಣಗಿಲೆ ಕೊಂಬೆ ಮಾತ್ರ ಎಂದೂ ಹಾಕಬೇಡಿ, ವಿಷ.

ಪ್ರಶ್ನೆ: ನಾನು 9ನೇ ತರಗತಿ. ನನ್ನ ಹತ್ತಿರ ಒಂದು ಬಡ್ಜಿ ಇದೆ. ಗೆಳೆಯನ ತೋಟದಲ್ಲಿ ಮರ ಬಿದ್ದು ಒಂದು ಕಾಡುಗಿಳಿ ಮರಿ ಸಿಕ್ಕಿದೆ. ಎರಡೂ ಗಿಳಿಯೇ ಅಲ್ವಾ, ಜೊತೆಗೆ ಇಡಬಹುದಾ? ಆಯಿ ಬೇಡ ಅನ್ನುತ್ತಾಳೆ.
— ವಿದ್ಯಾರ್ಥಿ, ಶಿರಸಿ

ಉತ್ತರ: ತಮ್ಮಾ, ಆಯಿ ಹೇಳಿದ್ದೇ ಸರಿ. ನಮ್ಮ ಕಾಡಿನ ಗಿಳಿಗಳನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಡ್ಜಿ ನಮ್ಮ ದೇಶದ ಹಕ್ಕಿ ಅಲ್ಲ, ಅದಕ್ಕೆ ಆ ತಡೆ ಇಲ್ಲ. ಮರಿ ಸಿಕ್ಕ ಜಾಗದ ಹತ್ತಿರ ತಾಯಿ ತಂದೆ ಇನ್ನೂ ಕೂಗುತ್ತಾ ಸುತ್ತುತ್ತಿದ್ದರೆ, ಒಂದು ಬುಟ್ಟಿಯಲ್ಲಿ ಒಣ ಹುಲ್ಲು ಹಾಕಿ ಮರಿ ಇಟ್ಟು ಪಕ್ಕದ ಮರಕ್ಕೆ ಎತ್ತರದಲ್ಲಿ ಕಟ್ಟಿ, ದೂರ ನಿಂತು ನೋಡಿ. ಅವು ಬಂದು ತುತ್ತು ಕೊಡಬಹುದು. ಬರದಿದ್ದರೆ ಅರಣ್ಯ ಇಲಾಖೆಯವರಿಗೆ ಕೊಡಿ. ಅಲ್ಲಿಯವರೆಗೆ ಹಾಲು, ಅನ್ನ ಬಾಯಿಗೆ ಹಾಕಬೇಡಿ.

ನಿನ್ನ ಬಡ್ಜಿಗೆ ಜೊತೆ ಬೇಕಾದರೆ ಅದು ಬಡ್ಜಿಯೇ ಆಗಬೇಕು. ನಮ್ಮಲ್ಲಿ ಬಡ್ಜಿಯನ್ನೇ ಲವ್ ಬರ್ಡ್ಸ್ ಅನ್ನುತ್ತಾರೆ, ಆದರೆ ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆ ಹಕ್ಕಿ. ಮೈ ದಪ್ಪ, ಬಾಲ ಗಿಡ್ಡ, ಕೊಕ್ಕು ಬಲ. ಅದನ್ನು ಬಡ್ಜಿ ಜೊತೆ ಬಿಟ್ಟರೆ ಬಡ್ಜಿಯ ಕಾಲ್ಬೆರಳನ್ನೇ ಕಚ್ಚಿ ತುಂಡು ಮಾಡುತ್ತದೆ. ಬಡ್ಜಿ ಬರೀ 30–40 ಗ್ರಾಮಿನ ಜೀವ.

ಪ್ರಶ್ನೆ: ನಮ್ಮಲ್ಲಿ ಎರಡು ಹೆಣ್ಣು, ಒಂದು ಗಂಡು ಬಡ್ಜಿ ಇವೆ. ಒಂದು ವರ್ಷ ಚೆನ್ನಾಗಿದ್ದವು. ಮೊಟ್ಟೆ ಇಡಲಿ ಅಂತ ಒಂದು ಮಡಕೆ ಕಟ್ಟಿದೆವು. ಆವತ್ತಿನಿಂದ ಹೆಣ್ಣುಗಳೆರಡೂ ಕಚ್ಚಾಡುತ್ತಿವೆ, ಒಂದಕ್ಕೆ ಮೂಗಿನ ಮೇಲೆ ಗಾಯ ಆಗಿದೆ. ಏನು ಮಾಡಲಿ?
— ಓದುಗರು, ಕುಮಟಾ

ಉತ್ತರ: ಪತ್ರ ಓದಿದ ಕೂಡಲೇ ಮಡಕೆ ಬಿಚ್ಚಿ ತೆಗೆಯಿರಿ. ಗಾಯವಾದ ಹಕ್ಕಿಯನ್ನು ಬೇರೆ ಪಂಜರಕ್ಕೆ ಹಾಕಿ. ಒಂದು ಮಡಕೆಗೆ ಎರಡು ಹೆಣ್ಣು ಹೊಡೆದಾಡಿದರೆ ಅದು ಸಾಯುವವರೆಗೂ ಹೋಗುತ್ತದೆ, ಇದನ್ನು ಸಣ್ಣ ಜಗಳ ಅಂದುಕೊಳ್ಳಬೇಡಿ.

ಮರಿ ಬೇಕೇ ಬೇಕು ಅಂದರೆ ಒಂದು ಜೋಡಿ ಮಾತ್ರ ಒಂದು ಪಂಜರದಲ್ಲಿ. ಹೆಣ್ಣಿಗೆ ಒಂದು ವರ್ಷ ತುಂಬಿರಲಿ. ದಿನ ಬಿಟ್ಟು ದಿನ ಒಂದರಂತೆ 4–6 ಮೊಟ್ಟೆ ಇಡುತ್ತದೆ, ಒಂದೊಂದು ಮೊಟ್ಟೆಗೆ 18 ದಿನ ಕಾವು ಬೇಕು, ಮರಿ ಗೂಡು ಬಿಟ್ಟು ಹೊರಗೆ ಬರಲಿಕ್ಕೆ ಇನ್ನೂ ಐದು ವಾರ. ಅಷ್ಟು ಮರಿಗಳಿಗೆ ಮನೆ ಸಿಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಸುಣ್ಣದ ಅಂಶ ಕಡಿಮೆಯಾದ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ತಳದಲ್ಲಿ ಉಬ್ಬಿ ಕೂತು, ಬಾಲ ಆಡಿಸುತ್ತಾ ತಿಣುಕುತ್ತಿದ್ದರೆ ಅದನ್ನು ಬೆಚ್ಚಗಿಟ್ಟು ಆ ತಾಸಿನಲ್ಲೇ ವೈದ್ಯರ ಹತ್ತಿರ ಹೋಗಬೇಕು, ಎಣ್ಣೆ ಹಚ್ಚಿ ಒತ್ತುವುದೆಲ್ಲ ಮಾಡಬೇಡಿ.

ಸುಣ್ಣಕ್ಕೆ ಅಂಗಡಿಯ ಕಟಲ್ ಬೋನ್ ತರುತ್ತಾರೆ. ನೀವು ಕಡಲ ತೀರದವರು, ಅದು ನಿಮ್ಮ ಕಾಲ ಕೆಳಗೇ ಇದೆ. ಅಲೆ ತಂದು ಹಾಕುವ ಬಿಳಿ, ಹಗುರ, ದೋಣಿಯ ಆಕಾರದ ತುಂಡು ಕಂಡಿರುತ್ತೀರಿ, ಅದೇ. ಸ್ವಚ್ಛ ಜಾಗದ್ದು ಆರಿಸಿ ತಂದು, ಸಿಹಿ ನೀರಿನಲ್ಲಿ ನಾಲ್ಕೈದು ದಿನ ನೆನೆಸಿ, ದಿನಾ ನೀರು ಬದಲಿಸಿ, ಉಪ್ಪು ಹೋದ ಮೇಲೆ ಕುದಿಸಿ, ಗರಗರ ಒಣಗಿಸಿ. ಮೆತ್ತಗಿನ ಬದಿ ಹಕ್ಕಿಯ ಕಡೆ ಬರುವಂತೆ ಪಂಜರಕ್ಕೆ ಕಟ್ಟಿ.

ಪ್ರಶ್ನೆ: ಪ್ರತಿ ಮಳೆಗಾಲಕ್ಕೂ ನಮ್ಮ ಒಂದು ಹಕ್ಕಿಯಾದರೂ ಸಾಯುತ್ತದೆ. ಜಗಲಿಯಲ್ಲಿ ಪಂಜರ ತೂಗುಹಾಕಿದ್ದೇವೆ. ಥಂಡಿ ಕಾರಣವಾ?
— ಓದುಗರು, ಹೊನ್ನಾವರ

ಉತ್ತರ: ಥಂಡಿಗಿಂತ ಕಾಳನ್ನು ಮೊದಲು ನೋಡಿ. ಜೂನ್ ತಿಂಗಳಿನಿಂದ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ನವಣೆ ಚೀಲ ಬಿಡುತ್ತದಾ? ಒಣ ನಾಡಿನಿಂದ ಬಂದ ಹಕ್ಕಿಗೆ ಬೂಷ್ಟು ಹತ್ತಿದ ಕಾಳು ಎರಡು ರೀತಿ ಕೇಡು: ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ, ಅದರ ವಿಷ ಯಕೃತ್ತು ಕೆಡಿಸುತ್ತದೆ. ಮಳೆಗಾಲಕ್ಕೆ ಒಟ್ಟಿಗೆ ತಂದಿಡಬೇಡಿ. ಹದಿನೈದು ದಿನಕ್ಕೆ ಬೇಕಾದಷ್ಟು ತಂದು, ಗಾಳಿ ಹೋಗದ ಡಬ್ಬದಲ್ಲಿ ಹಾಕಿ. ಮೂಸಿ ನೋಡಿ, ಹಳಸಲು ವಾಸನೆ ಬಂದರೆ ಕೋಳಿಗೂ ಹಾಕದೆ ಬಿಸಾಡಿ. ಬಟ್ಟಲಿನ ಮೇಲಿನ ಹೊಟ್ಟು ದಿನಾ ಊದಿ ತೆಗೆಯಿರಿ. ಕೊತ್ತಂಬರಿ, ನುಗ್ಗೆ ಸೊಪ್ಪು, ಪಾಲಕ್ ತೊಳೆದು ನೀರು ಸೋರಿಸಿ ಬೆಳಿಗ್ಗೆ ಹಾಕಿ, ಮಧ್ಯಾಹ್ನಕ್ಕೆ ಉಳಿದದ್ದು ತೆಗೆಯಿರಿ. ಸೂರ್ಯಕಾಂತಿ ಬೀಜ ಎಣ್ಣೆಯದ್ದು, ಅಪರೂಪಕ್ಕೆ ಒಂದೆರಡು ಸಾಕು.

ಜಗಲಿ ಮಳೆಗಾಲಕ್ಕೆ ಸರಿಯಲ್ಲ. ಎರಚಲು ಹೊಡೆಯುತ್ತದೆ, ರಾತ್ರಿ ಬೆಕ್ಕು, ಕೇರೆ ಹಾವು ಬರುತ್ತವೆ. ಹಾವು ಸರಳಿನ ನಡುವೆ ನುಗ್ಗಿ ಹಕ್ಕಿ ನುಂಗಿ, ಹೊಟ್ಟೆ ಉಬ್ಬಿ ಹೊರಗೆ ಹೋಗಲಾಗದೆ ಪಂಜರದಲ್ಲೇ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗೆ, ಬೆಳಕು ಬರುವ ಗೋಡೆಯ ಪಕ್ಕ ಇಡಿ. ಆದರೆ ಅಡುಗೆಮನೆಯಲ್ಲಿ ಬೇಡವೇ ಬೇಡ. ನಾನ್‌ಸ್ಟಿಕ್ ಬಾಣಲೆ ಖಾಲಿ ಕಾದು ಸುಟ್ಟರೆ ಬರುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಸೊಳ್ಳೆ ಬತ್ತಿ, ಧೂಪ, ಇರುವೆಗೆ ಎಳೆಯುವ ಸೀಮೆಸುಣ್ಣ ಪಂಜರದ ಕೋಣೆಯಲ್ಲಿ ಬೇಡ. ಸೊಳ್ಳೆಗೆ ಪಂಜರದ ಮೇಲೆ ಹಳೇ ಸೊಳ್ಳೆಪರದೆ ಹೊದಿಸಿ. ಇರುವೆಗೆ ಪಂಜರವನ್ನು ಸ್ಟೂಲಿನ ಮೇಲಿಟ್ಟು, ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ. ಬಿಸಿಲು ಬಿದ್ದ ದಿನ ಅರ್ಧ ತಾಸು ಅಂಗಳಕ್ಕೆ ತನ್ನಿ, ಅರ್ಧ ಪಂಜರಕ್ಕೆ ನೆರಳು ಇರಲಿ, ನೀವೂ ಪಕ್ಕದಲ್ಲೇ ಕೂತಿರಿ, ಕಾಗೆಗಳು ಹೊಂಚು ಹಾಕುತ್ತಿರುತ್ತವೆ.

ಈ ಸಲ ಹಕ್ಕಿ ಸತ್ತದ್ದು ಒಂದೇ ಆಗಿದ್ದರೆ ಉಳಿದವುಗಳ ಹಿಕ್ಕೆ ಈಗಲೇ ಪಶು ಆಸ್ಪತ್ರೆಗೆ ಕೊಂಡುಹೋಗಿ. ಹೊಸದು ತರುವುದಿದ್ದರೆ ಮೇಲೆ ಕಾರವಾರದ ಅಕ್ಕನಿಗೆ ಬರೆದ 40 ದಿನ ನಿಮಗೂ ಅಷ್ಟೇ. ಮಳೆ ಕಳೆದು, ಅಕ್ಟೋಬರ್ ಬಿಸಿಲು ಬಂದ ಮೇಲೆ ತನ್ನಿ.